ಗೋಡೆಯ ಮೇಲಿನ ಲೆಕ್ಕ

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗದ ಪಕ್ಕದ ಗೋಡೆಯ ಮೇಲೆ ಇದ್ದಿಲಿನ ಗೆರೆಗಳಿದ್ದವು. ನಾಲ್ಕು ನಿಂತ ಗೆರೆ, ಅವುಗಳ ಮೇಲೊಂದು ಅಡ್ಡಗೆರೆ. ಒಂದು ಗೆರೆಯೆಂದರೆ ಅಪ್ಪ ನೇಯ್ದು ಮುಗಿಸಿದ ಒಂದು ಸೀರೆ. ಅಕ್ಷರ ಬಾರದ ನಮ್ಮವ್ವ ಇಟ್ಟ ಲೆಕ್ಕ ಅದು. ಸಾವಕಾರರ ಲೆಕ್ಕ ಕೆಂಪು ಬಟ್ಟೆ ಹೊದಿಸಿದ ಕೀರ್ದಿ ಪುಸ್ತಕದಲ್ಲಿರುತ್ತಿತ್ತು. ನೂಲು ಕೊಡುವವರು ಅವರು, ಸೀರೆ ಒಯ್ಯುವವರು ಅವರು, ಮಜೂರಿ ಕೊಡುವವರು ಅವರು, ಬರೆದುಕೊಳ್ಳುವವರೂ ಅವರೇ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ದೀಪಾವಳಿಯ ಮುಂದೆ ಲೆಕ್ಕ ಮಾಡಿದರೆ ಪುಸ್ತಕದಲ್ಲಿ ಹದಿನಾಲ್ಕು ಸೀರೆ, ಗೋಡೆಯ ಮೇಲೆ ಹದಿನಾರು! ಅಪ್ಪ ಸುಮ್ಮನಾದರು. ಮೊದಲೇ ಬಾಕಿಯಲ್ಲಿದ್ದವರಿಗೆ ಬಾಯಿ ಎಲ್ಲಿಂದ ಬಂದೀತು? ಅವ್ವ ಮಾತ್ರ ನನ್ನ ಕೈಹಿಡಿದು ಹೊರಟೇಬಿಟ್ಟಳು.

“ಸಾವಕಾರ್ರ, ನಮ್ಮ ಹುಡುಗಿಗೆ ಓದಾಕ ಬರತೈತ್ರಿ. ಪುಸ್ತಕ ಸ್ವಲ್ಪ ತೋರಸ್ರಿ” ಎಂದಳು.

ನಾನು ತಾರೀಖು ಓದುತ್ತ ಹೋದೆ. ಅವ್ವ “ಇದು ಪಂಚಮಿ ವಾರದ್ದು, ಇದು ಗಣಪತಿ ಕೂತಾಗಿಂದು” ಎಂದು ಬೆರಳು ಮಡಚುತ್ತ ಬಂದಳು. ಎರಡು ವಾರ ಒಂದೊಂದು ಸೀರೆ ಬಿಟ್ಟುಹೋಗಿತ್ತು. ಸಾವಕಾರರು ಮಾತಿಲ್ಲದೆ ತಿದ್ದಿದರು. ನಾನು ಗೆದ್ದ ಹುರುಪಿನಲ್ಲಿ ಕುಣಿಯುತ್ತ ಬಂದೆ. ಅವ್ವ ದಾರಿಯಲ್ಲಿ ಒಂದೇ ಮಾತು ಆಡಿದಳು: “ನಿಮ್ಮಪ್ಪನ ಸೀರಿ ಸಿಕ್ಕವು. ನಾ ಸುತ್ತಿದ ಕಂಡಿಕಿ ಯಾವ ಪುಸ್ತಕದಾಗ ಅದಾವ?”

ರಾಟಿಯ ಮುಂದೆ ಕುಳಿತು ಅವ್ವ ಕಂಡಿಕೆ ಸುತ್ತದಿದ್ದರೆ ಲಾಳಿ ಓಡುತ್ತಿರಲಿಲ್ಲ. ಆದರೆ ಮಜೂರಿ ಸೀರೆಗೆ, ಕಂಡಿಕೆಗಲ್ಲ. ಪುಸ್ತಕದಲ್ಲಿ ಹೆಸರು ಅಪ್ಪನದು. ಮರುವಾರ ಹಬ್ಬಕ್ಕೆಂದು ಅವ್ವ ತಾನೇ ಸುಣ್ಣ ಬಳಿದಳು. ಅವಳ ಆ ವರ್ಷದ ಲೆಕ್ಕವೆಲ್ಲ ಅಳಿಸಿಹೋಯಿತು.

ಮುಂದೆ ನಾನು ಬಿ.ಎ., ಬಿ.ಎಡ್. ಮುಗಿಸಿ ಇತಿಹಾಸ ಕಲಿಸುವ ಶಿಕ್ಷಕಿಯಾದೆ. ಶಾಲೆಗೆ ಕಂಪ್ಯೂಟರ್ ಬಂದಾಗ ಅದರ ಚರಿತ್ರೆ ಹುಡುಕಿ ಓದಿದೆ. ಓದುತ್ತ ಹೋದರೆ ಅದು ನನ್ನನ್ನು ತಿರುಗಿ ನಮ್ಮ ಮಗ್ಗದ ಮುಂದೆಯೇ ತಂದು ನಿಲ್ಲಿಸಿತು!

ಸೀರೆಯ ದಡಿಗೆ ಹೂಬಳ್ಳಿ ತೆಗೆಯಲು ಮಗ್ಗದ ಮೇಲೆ ಕೂಡಿಸುವ ಜಕಾರ್ಡನ್ನು ನಮ್ಮ ಕಡೆಯವರೆಲ್ಲ ನೋಡಿದ್ದೀರಿ. ತೂತು ಕೊರೆದ ರಟ್ಟಿನ ಪಟ್ಟಿಗಳ ಮಾಲೆಯೊಂದು ಅದರಲ್ಲಿ ತಿರುಗುತ್ತದೆ. ತೂತಿದ್ದಲ್ಲಿ ಸೂಜಿ ಒಳಹೋಗಿ ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದಲ್ಲಿ ಏಳುವುದಿಲ್ಲ. ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಮೇರಿ ಜಕಾರ್ಡ್ 1804ರಲ್ಲಿ ರೂಪಿಸಿದ್ದು ಇದು. 1839ರಲ್ಲಿ ಅಲ್ಲಿಯ ನೇಕಾರರು ಸುಮಾರು 24,000 ಪಟ್ಟಿಗಳನ್ನು ಬಳಸಿ ಅವನ ಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದರ ಒಂದು ಪ್ರತಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನ ಬಳಿ ಇತ್ತು. ಇಂಥ ಪಟ್ಟಿಗಳಿಂದಲೇ ಗಣಿತ ಮಾಡುವ ಯಂತ್ರವನ್ನು ಅವನು ಯೋಚಿಸಿದ, ಕಟ್ಟಿ ಮುಗಿಸಲಾಗಲಿಲ್ಲ. ಆ ಯಂತ್ರದ ಬಗೆಗೆ 1843ರಲ್ಲಿ ವಿವರವಾದ ಟಿಪ್ಪಣಿ ಬರೆದವಳು ಒಬ್ಬ ಹೆಣ್ಣುಮಗಳು, ಅಡಾ ಲವ್ಲೇಸ್.

ತೂತಿನ ರಟ್ಟು ಲೆಕ್ಕದ ಕೆಲಸಕ್ಕೆ ನಿಜವಾಗಿ ಇಳಿದದ್ದು ಅಮೇರಿಕದಲ್ಲಿ. ಅಲ್ಲಿ 1880ರ ಜನಗಣತಿಯ ಲೆಕ್ಕ ಮುಗಿಯಲು ಏಳೆಂಟು ವರ್ಷ ಹಿಡಿದಿತ್ತು. 1890ರ ಗಣತಿಗೆ ಹರ್ಮನ್ ಹೊಲೆರಿತ್ ಎಂಬವನು ತಲೆಗೊಂದು ರಟ್ಟು ಮಾಡಿದ. ಹೆಣ್ಣೋ ಗಂಡೋ, ವಯಸ್ಸೆಷ್ಟು, ಹುಟ್ಟಿದ್ದೆಲ್ಲಿ, ಒಂದೊಂದಕ್ಕೂ ಒಂದೊಂದು ಕಡೆ ತೂತು. ತೂತಿನ ಮೂಲಕ ವಿದ್ಯುತ್ತು ಹರಿದು ಯಂತ್ರ ಎಣಿಸತೊಡಗಿತು. ರೈಲ್ವೆ ಮತ್ತು ವಿಮಾ ಕಂಪನಿಗಳೂ ತಮ್ಮ ಲೆಕ್ಕಕ್ಕೆ ಅದನ್ನೇ ಹಿಡಿದವು. 1896ರಲ್ಲಿ ಅವನು ಕಟ್ಟಿದ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಡನೆ ಕೂಡಿತು. 1924ರಲ್ಲಿ ಅದಕ್ಕೆ ಐಬಿಎಂ ಎಂಬ ಹೆಸರಾಯಿತು. ಮಗ್ಗದಿಂದ ಹೊರಟ ರಟ್ಟು ಹೀಗೆ ವ್ಯಾಪಾರದ ಕೀರ್ದಿಯಾಯಿತು.

ಆ ರಟ್ಟಿನ ಕಥೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇದು: ಪಟ್ಟಿಯಲ್ಲಿ ಯಾವುದಕ್ಕೆ ಜಾಗ ಇಟ್ಟಿದ್ದಾರೋ ಅದನ್ನಷ್ಟೇ ಯಂತ್ರ ಎಣಿಸುತ್ತದೆ. ಜಾಗವನ್ನೇ ಇಡದಿದ್ದರೆ ಎಂಥ ಜಾಣ ಯಂತ್ರಕ್ಕೂ ಅದು ಕಾಣುವುದಿಲ್ಲ. ಸಾವಕಾರರ ಪುಸ್ತಕದಲ್ಲಿ ಕಂಡಿಕೆಗೆ ಕಾಲಮ್ಮೇ ಇರಲಿಲ್ಲವಲ್ಲ!

ನೌಕರಿಯಲ್ಲಿ ಊರೂರು ತಿರುಗಿದಾಗ ಇದನ್ನೇ ಕಂಡೆ. ಮುಧೋಳದ ಕಡೆ ಕಬ್ಬಿನ ತೂಕದ ಚೀಟಿ ಕಂಪ್ಯೂಟರಿನಿಂದ ಬರುತ್ತದೆ, ಬಿಲ್ಲು ಬ್ಯಾಂಕಿಗೆ ಜಮಾ ಆಗುತ್ತದೆ. ಕಳೆ ತೆಗೆದವಳ ಹೆಸರು ಎರಡರಲ್ಲೂ ಇಲ್ಲ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಊರುಗಳೇ ಮುಳುಗಿದವು. ಪರಿಹಾರ ಬರುವುದು ಕಾಗದದಲ್ಲಿ ಹೆಸರಿದ್ದವರಿಗೆ. 2000ದ ನಂತರ ‘ಭೂಮಿ’ ಯೋಜನೆಯಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ತಿದ್ದುಪಡಿಯ ಆಟಕ್ಕೆ ಕಡಿವಾಣ ಬಿತ್ತು, ಒಳ್ಳೆಯದೇ. ಆದರೆ ಹಳೆಯ ಪಹಣಿಯಲ್ಲಿ ಇಲ್ಲದ ಹೆಣ್ಣಿನ ಹೆಸರು ಹೊಸದರಲ್ಲಿ ತಾನಾಗಿ ಹುಟ್ಟಲಿಲ್ಲ.

ಎಣಿಸಬೇಕೆಂದು ಕೂತರೆ ಸಿಗುತ್ತದೆ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ನೇಕಾರರ ಜೊತೆಗೆ ಪೂರಕ ಕೆಲಸ ಮಾಡುವವರನ್ನೂ ಎಣಿಸಿದರು. ಒಟ್ಟು 35.22 ಲಕ್ಷ ಜನರಲ್ಲಿ 25.46 ಲಕ್ಷ ಹೆಂಗಸರೇ! ಅಂಕಿ ನೋಡಿದಾಗ ನನಗೆ ಅವ್ವನ ನೆನಪಾಯಿತು. ಅವಳು ಆಗಲೇ ಇರಲಿಲ್ಲ.

ಈಗ ಕೀರ್ದಿ ಪುಸ್ತಕ ಫೋನಿನೊಳಗೆ ಸೇರಿದೆ. 2016ರಲ್ಲಿ ಯುಪಿಐ ಬಂತು, 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಜಮಖಂಡಿ ಸಂತೆಯ ಕಾಯಿಪಲ್ಲೆಯವಳ ಬುಟ್ಟಿಯ ಮುಂದೂ ಕ್ಯೂಆರ್ ಚೀಟಿ ನಿಂತಿದೆ. ನನ್ನ ತಮ್ಮನ ಹೆಂಡತಿ ಸೀರೆಗಳ ಫೋಟೋ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಾಳೆ. ಪುಣೆಯಿಂದಲೂ ಬೇಡಿಕೆ ಬರುತ್ತದೆ. ಮಾತಾಡುವವಳು, ಪಾರ್ಸಲ್ ಕಟ್ಟುವವಳು ಅವಳೇ. ಹೋದ ವರ್ಷ ಕೇಳಿದೆ: “ದುಡ್ಡು ಯಾರ ಖಾತೆಕ್ಕ ಬೀಳತೈತಿ?”

“ಅವರ ಖಾತೆಕ್ಕರಿ ಅಕ್ಕಾರ. ಮೆಸೇಜೂ ಅವರ ಫೋನಿಗೇ ಬರತೈತಿ.”

ತಮ್ಮ ಕೆಟ್ಟವನಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಬರತೊಡಗಿದಾಗಿನಿಂದ ಅವಳದೊಂದು ಖಾತೆ ಇದ್ದೇ ಇತ್ತು. ಅದಕ್ಕೇ ಹೊಸ ಕ್ಯೂಆರ್ ಮಾಡಿಸಿದೆವು. ತಮ್ಮನೇ ಅದನ್ನು ಗೋಡೆಗೆ ಅಂಟಿಸಿದ. ಅವ್ವ ಗೆರೆ ಎಳೆಯುತ್ತಿದ್ದ ಅದೇ ಗೋಡೆ.

ಈಗ ಅವಳು ಫೋನಿನಲ್ಲಿ ಸೀರೆಯ ಬೆಲೆ ಕಟ್ಟುವಾಗ ನೂಲು, ಬಣ್ಣ, ನೇಯ್ಗೆಯ ಕೆಳಗೆ ಇನ್ನೊಂದು ಸಾಲು ಬರೆಯುತ್ತಾಳೆ: ಕಂಡಿಕೆ. ಅದರ ಮುಂದೆ ಒಂದು ಮೊತ್ತ ಇರುತ್ತದೆ.

ನಿಮ್ಮ ಮನೆಯ ಅಂಗಡಿಯ ಚೀಟಿಯನ್ನೂ ಒಮ್ಮೆ ನೋಡಿ ಅಕ್ಕತಂಗಿಯರೇ. ಅದರ ದುಡ್ಡು ಯಾರ ಖಾತೆಗೆ ಹೋಗುತ್ತಿದೆ?