ಯುದ್ಧಗಳ ನಡುವಣ ಆಂಗ್ಲ ಸಂಗೀತವೂ ಕನ್ನಡ ನಾಡೂ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಮೆಡೋಸ್ ಟೇಲರ್ ಸಾಹೇಬರ ಹೆಸರನ್ನು ಕೇಳದವರು ವಿರಳ. 1841ರಲ್ಲಿ ಸುರಪುರಕ್ಕೆ ಬಂದು, ಬಾಲಕರಾಗಿದ್ದ ರಾಜಾ ವೆಂಕಟಪ್ಪ ನಾಯಕರು ಪ್ರಾಪ್ತವಯಸ್ಕರಾಗುವವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಈ ಮಹನೀಯರ ಬಂಗಲೆ ಇಂದಿಗೂ ಅಲ್ಲಿ ‘ಟೇಲರ್ ಮಂಜಿಲ್’ ಎಂದೇ ಪ್ರಸಿದ್ಧವಾಗಿದೆ. ಅವರ ಕಾದಂಬರಿಗಳನ್ನೂ ಆತ್ಮಚರಿತ್ರೆಯನ್ನೂ ಬಲ್ಲವರು ಹಲವರು. ಆದರೆ ಸ್ವದೇಶಕ್ಕೆ ಮರಳಿದ ಮೇಲೆ, 1860ರ ದಶಕದಲ್ಲಿ, ಅವರು ಮಾಡಿದ ಇನ್ನೊಂದು ಕಾರ್ಯವನ್ನು ನೆನೆಯುವವರು ಕಡಿಮೆ. ಡಬ್ಲಿನ್ ನಗರದ ರಾಯಲ್ ಐರಿಷ್ ಅಕಾಡೆಮಿಗೆ ಕರ್ನಲ್ ಫ್ರೆಂಚ್ ಎಂಬವರು ಕೊಟ್ಟಿದ್ದ ಭಾರತೀಯ ವಾದ್ಯಗಳಿಗೆಲ್ಲ ಟೇಲರರು ಒಂದು ಪಟ್ಟಿಯನ್ನು ಸಿದ್ಧಪಡಿಸಿ, ಯಾವ ವಾದ್ಯವನ್ನು ಯಾವ ಸಂದರ್ಭದಲ್ಲಿ ನುಡಿಸುವರೆಂಬುದನ್ನು ವಿವರಿಸಿದರು. ನಮ್ಮ ಕೊಂಬು ಕಹಳೆಗಳನ್ನು ಒಬ್ಬ ಆಂಗ್ಲೇಯನು ಕಿವಿಗೊಟ್ಟು ಕೇಳಿದುದಕ್ಕೆ ಇದೊಂದು ಸಾಕ್ಷಿ.

ಮುಂದಿನ ಶತಮಾನದಲ್ಲಿ ಈ ಕುತೂಹಲವು ಎದುರು ದಿಕ್ಕಿನಿಂದಲೂ ಹರಿಯಿತು. ಕನ್ನಡ ನಾಡಿನ ಒಬ್ಬ ಅರಸನು ಆಂಗ್ಲೇಯರ ಸಂಗೀತವನ್ನು ಕಿವಿಗೊಟ್ಟು ಕೇಳಿ, ಕಲಿತು, ಕೊನೆಗೆ ಅದರ ಪೋಷಕನೂ ಆದನು. ಈ ವೃತ್ತಾಂತವು ಅರ್ಥವಾಗಬೇಕಾದರೆ, ಎರಡು ಮಹಾಯುದ್ಧಗಳ ನಡುವೆ, ಎಂದರೆ 1918ರಿಂದ 1939ರವರೆಗೆ, ಇಂಗ್ಲೆಂಡಿನಲ್ಲಿ ಸಂಗೀತದ ಸ್ಥಿತಿ ಹೇಗಿದ್ದಿತೆಂಬುದನ್ನು ಮೊದಲು ಅರಿಯಬೇಕು.

ಮೊದಲನೆಯ ಯುದ್ಧವು ಮುಗಿದಾಗ ಆ ದೇಶದ ಸಂಗೀತಕ್ಕೆ ಹಿರಿಯರಾಗಿದ್ದವರು ಎಡ್ವರ್ಡ್ ಎಲ್ಗರ್. ರಾಜ್ಯದ ವೈಭವವನ್ನು ಘೋಷಿಸುವ ನಡೆಗೀತಗಳಿಂದ ಹೆಸರಾಗಿದ್ದ ಇವರು 1919ರಲ್ಲಿ ಚೆಲ್ಲೊ ಎಂಬ ಮಂದ್ರಧ್ವನಿಯ ತಂತಿವಾದ್ಯಕ್ಕಾಗಿ ಒಂದು ದೀರ್ಘಕೃತಿಯನ್ನು ರಚಿಸಿದರು. ಅದರಲ್ಲಿ ವೈಭವವಿಲ್ಲ; ಕಳೆದುಹೋದ ಕಾಲವನ್ನು ನೆನೆಯುವ ವಿಷಾದವಿದೆ. ಎಲ್ಗರರಿಗಿಂತ ಕಿರಿಯರಾದ ವಾನ್ ವಿಲಿಯಮ್ಸರು ಹಳ್ಳಿಹಳ್ಳಿಗಳಲ್ಲಿ ಅಲೆದು ಜಾನಪದ ಗೀತಗಳನ್ನು ಸಂಗ್ರಹಿಸಿ, ಅವುಗಳ ಧಾಟಿಯಿಂದಲೇ ದೊಡ್ಡ ಕೃತಿಗಳನ್ನು ಕಟ್ಟಿದರು. ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದುದನ್ನು ಬಲ್ಲ ನಮಗೆ ಈ ಶ್ರದ್ಧೆಯ ಬೆಲೆ ತಿಳಿಯದೆ ಇರದು. ವಾನ್ ವಿಲಿಯಮ್ಸರ ಗೆಳೆಯರಾದ ಗುಸ್ತಾವ್ ಹೋಲ್ಸ್ಟರಂತೂ ಯುದ್ಧಕ್ಕೆ ಮುಂಚೆಯೇ ಸಂಸ್ಕೃತವನ್ನು ಅಭ್ಯಾಸ ಮಾಡಿ, ಋಗ್ವೇದದ ಸೂಕ್ತಗಳನ್ನು ತಾವೇ ಭಾಷಾಂತರಿಸಿ ಸಂಗೀತಕ್ಕೆ ಅಳವಡಿಸಿದ್ದರು. ಮಹಾಭಾರತದ ಸಾವಿತ್ರಿಯ ಕಥೆಯನ್ನು ಗೇಯನಾಟಕವನ್ನಾಗಿ ಮಾಡಿದ್ದರು. 1934ನೆಯ ಇಸವಿ ಆಂಗ್ಲ ಸಂಗೀತಕ್ಕೆ ಕೇಡಿನ ವರ್ಷ. ಎಲ್ಗರ್, ಹೋಲ್ಸ್ಟ್, ಡೀಲಿಯಸ್ ಈ ಮೂವರೂ ಆ ಒಂದೇ ವರ್ಷದಲ್ಲಿ ತೀರಿಕೊಂಡರು.

ಕೃತಿಗಳನ್ನು ರಚಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಕೇಳುವವರು ಯಾರು, ಅದಕ್ಕೆ ಹಣವನ್ನು ಕೊಡುವವರು ಯಾರು ಎಂಬ ಪ್ರಶ್ನೆಗೆ ಈ ಕಾಲವು ಹೊಸ ಉತ್ತರವನ್ನು ಕೊಟ್ಟಿತೆಂಬುದೇ ನಮ್ಮ ಗಮನಕ್ಕೆ ಬರಬೇಕಾದ ವಿಷಯ. 1922ರಲ್ಲಿ ಸ್ಥಾಪಿತವಾದ ಬಿ.ಬಿ.ಸಿ. ಎಂಬ ಬಾನುಲಿ ಸಂಸ್ಥೆಗೆ ಆಧಾರವೆಂದರೆ ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ತೆರಬೇಕಾಗಿದ್ದ ಹತ್ತು ಷಿಲಿಂಗುಗಳ ಲೈಸೆನ್ಸು. 1939ರ ವೇಳೆಗೆ ಇಂತಹ ಲೈಸೆನ್ಸುಗಳು ಸುಮಾರು 90 ಲಕ್ಷಕ್ಕೆ ಮುಟ್ಟಿದ್ದುವು. ಲಂಡನ್ನಿನಲ್ಲಿ ಸರ್ ಹೆನ್ರಿ ವುಡ್ಡರು 1895ರಿಂದ ನಡೆಸಿಕೊಂಡು ಬಂದಿದ್ದ, ಬಡವರೂ ಅಲ್ಪ ದರದ ಟಿಕೆಟ್ಟನ್ನು ಕೊಂಡು ನಿಂತು ಕೇಳಬಹುದಾಗಿದ್ದ ‘ಪ್ರಾಮೆನೇಡ್’ ಕಚೇರಿಗಳಿಗೆ ಹಣದ ಅಭಾವವುಂಟಾದಾಗ, 1927ರಲ್ಲಿ ಬಿ.ಬಿ.ಸಿ.ಯೇ ಅವುಗಳ ಭಾರವನ್ನು ಹೊತ್ತಿತು. 1930ರಲ್ಲಿ ಅದು ಏಡ್ರಿಯನ್ ಬೌಲ್ಟರ ನಾಯಕತ್ವದಲ್ಲಿ ತನ್ನದೇ ಆದ ವಾದ್ಯವೃಂದವನ್ನು ಕಟ್ಟಿತು. ಹಿಂದೆ ದೊರೆಗಳೂ ಶ್ರೀಮಂತರೂ ಮಾಡುತ್ತಿದ್ದುದನ್ನು ಈಗ ಲಕ್ಷಾಂತರ ಗೃಹಸ್ಥರು ಕೂಡಿ ಮಾಡಿದರು. ತಾವು ಪೋಷಕರೆಂಬ ಅರಿವು ಅವರಲ್ಲಿ ಬಹುಮಂದಿಗೆ ಇರಲಿಲ್ಲವೆಂಬುದು ಬೇರೆ ಮಾತು.

ಗ್ರಾಮಫೋನಿನ ಕಥೆಯೂ ಹೀಗೆಯೇ. 1925ರಲ್ಲಿ ವಿದ್ಯುಚ್ಛಕ್ತಿಯಿಂದ ಧ್ವನಿಮುದ್ರಣ ಮಾಡುವ ಕ್ರಮವು ಬಂದು, ತುತ್ತೂರಿಯ ಮುಂದೆ ನಿಂತು ಕಿರುಚುವ ಕಷ್ಟವು ತಪ್ಪಿತು. 1931ರ ನವೆಂಬರಿನಲ್ಲಿ ಲಂಡನ್ನಿನ ಆಬಿ ರೋಡಿನ ಧ್ವನಿಮುದ್ರಣ ಶಾಲೆಯನ್ನು ವೃದ್ಧ ಎಲ್ಗರರೇ ಆರಂಭಿಸಿದರು. ಎಚ್.ಎಂ.ವಿ. ಕಂಪೆನಿಯಲ್ಲಿದ್ದ ವಾಲ್ಟರ್ ಲೆಗ್ ಎಂಬ ಯುವಕರು ಆಗ ಒಂದು ಉಪಾಯವನ್ನು ಹೂಡಿದರು. ಮಾರಾಟವಾಗುವ ಭರವಸೆಯಿಲ್ಲದ ಗಂಭೀರ ಕೃತಿಗಳಿಗಾಗಿ ಒಂದು ‘ಸೊಸೈಟಿ’ಯನ್ನು ಮಾಡುವುದು, ಆಸಕ್ತರಿಂದ ಮುಂಗಡವಾಗಿ ಚಂದಾ ಪಡೆಯುವುದು, ಸಾಕಷ್ಟು ಮಂದಿ ಕೂಡಿದ ಮೇಲೆ ಪ್ಲೇಟುಗಳನ್ನು ಮುದ್ರಿಸುವುದು. ಗ್ರಂಥಪ್ರಕಾಶನಕ್ಕೆ ಮುಂಗಡ ಚಂದಾದಾರರನ್ನು ಕೂಡಿಸುವ ನಮ್ಮ ಸಾಹಿತಿಗಳ ಪದ್ಧತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಈ ಲೆಗ್ಗರ ಹೆಸರು ಮೈಸೂರಿನ ಕಥೆಯಲ್ಲಿಯೂ ಬರುತ್ತದೆ.

ಜನಸಾಮಾನ್ಯರ ಸಂಗೀತವು ಇನ್ನೊಂದು ಬಗೆಯದು. 1919ರಲ್ಲಿ ಅಮೆರಿಕದಿಂದ ಜ್ಯಾಸ್ ವಾದ್ಯಗಾರರು ಬಂದು ಲಂಡನ್ನಿನ ನೃತ್ಯಶಾಲೆಗಳಲ್ಲಿ ನುಡಿಸಿದರು. ಯುದ್ಧದಲ್ಲಿ ಬೆಂದಿದ್ದ ಯುವಜನರು ಕುಣಿದು ಮರೆಯಲು ಬಯಸಿದರು. ಜ್ಯಾಕ್ ಹಿಲ್ಟನ್, ರೇ ನೋಬಲ್, ಹೆನ್ರಿ ಹಾಲ್ ಮುಂತಾದವರ ನೃತ್ಯಮೇಳಗಳು ಹೋಟೆಲುಗಳಿಂದಲೂ ಬಾನುಲಿಯಿಂದಲೂ ದೇಶವನ್ನೆಲ್ಲ ತುಂಬಿದುವು. ಈ ಮೇಳಗಳಲ್ಲಿ ಎಲ್ಲರ ಕಿವಿಯನ್ನು ಸೆಳೆದ ವಾದ್ಯ ಸ್ಯಾಕ್ಸಫೋನು. ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸನು ಹತ್ತೊಂಬತ್ತನೆಯ ಶತಮಾನದಲ್ಲಿ ನಿರ್ಮಿಸಿದ ಈ ಹಿತ್ತಾಳೆಯ ಸುಷಿರವಾದ್ಯವು ಸೈನ್ಯದ ಬ್ಯಾಂಡುಗಳಲ್ಲಿ ಕಾಲ ಕಳೆದು, ಈಗ ನೃತ್ಯಶಾಲೆಯ ದೊರೆಯಾಯಿತು. ಇತ್ತ ಲ್ಯಾಂಕಷೈರಿನ ಬಟ್ಟೆಗಿರಣಿಗಳ ಊರಿನಲ್ಲಿ ಹುಟ್ಟಿದ ಗ್ರೇಸಿ ಫೀಲ್ಡ್ಸ್ ಎಂಬಾಕೆ ನಿರುದ್ಯೋಗದ ದಿನಗಳಲ್ಲಿ ಕೂಲಿಗಾರರಿಗೆ ನಗೆಯನ್ನೂ ಧೈರ್ಯವನ್ನೂ ಹಂಚಿದಳು.

ಮೇಲಿನವರ ಸಂಗೀತ ಬೇರೆ, ಕೆಳಗಿನವರ ಸಂಗೀತ ಬೇರೆ ಎಂದು ಇದರಿಂದ ಭಾವಿಸಬಾರದು. ಗಣಿಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುವವರು ತಮ್ಮ ಬಿಡುವಿನಲ್ಲಿ ನಡೆಸುತ್ತಿದ್ದ ಹಿತ್ತಾಳೆ ಬ್ಯಾಂಡುಗಳ ಪಂದ್ಯಕ್ಕಾಗಿ 1928ರಲ್ಲಿ ಹೋಲ್ಸ್ಟರೂ 1930ರಲ್ಲಿ ಎಲ್ಗರರೂ ಹೊಸ ಕೃತಿಗಳನ್ನು ರಚಿಸಿಕೊಟ್ಟರು. ದೊಡ್ಡ ವಾಗ್ಗೇಯಕಾರರು ಗಣಿಯಾಳುಗಳಿಗಾಗಿ ಬರೆದ ಈ ಸಂಗತಿಯು ಆ ಕಾಲದ ಒಳ್ಳೆಯ ಲಕ್ಷಣಗಳಲ್ಲಿ ಒಂದು.

ಇನ್ನು ನಮ್ಮ ನಾಡಿಗೆ ಬರೋಣ. 1935ನೆಯ ಇಸವಿಯು ಕನ್ನಡಿಗರ ಕಿವಿಗೆ ಶುಭವರ್ಷ. ಯಾದಗಿರಿ, ಸುರಪುರಗಳು ಆಗ ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ ನಿಜಾಮರ ಸರಕಾರದ ಬಾನುಲಿಯು ಆ ವರ್ಷ ಆರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ, ಲಂಡನ್ನಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿ ಬಂದು ಮಹಾರಾಜರ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು, ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಯಂತ್ರದಿಂದ ‘ಆಕಾಶವಾಣಿ’ಯನ್ನು ನುಡಿಸಿದರು. ಆ ಹೆಸರನ್ನು ಮುಂದೆ ಭರತಖಂಡವೇ ಸ್ವೀಕರಿಸಿತು. ಬಿ.ಬಿ.ಸಿ.ಗೆ ಹೋಲಿಸಿದರೆ ಇದು ಹಣತೆಯ ಬೆಳಕು. ಆದರೆ ಸಂಗೀತವು ಸಭೆಯನ್ನು ಬಿಟ್ಟು ಮನೆಯೊಳಕ್ಕೆ ಬರಬೇಕೆಂಬ ತತ್ತ್ವವು ಎರಡು ಕಡೆಯೂ ಒಂದೇ.

ಪಾಶ್ಚಾತ್ಯ ವಾದ್ಯಗಳು ಕನ್ನಡಿಗರಿಗೆ ಬಾನುಲಿಗಿಂತ ಬಹುಕಾಲ ಮೊದಲೇ ಪರಿಚಿತವಾಗಿದ್ದುವು. ಪಿಟೀಲು ಹಿಂದಿನ ಶತಮಾನದಲ್ಲಿಯೇ ನಮ್ಮದಾಗಿದ್ದಿತು. ಮೈಸೂರು ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಹೂಡಿ ಸಭೆಯ ತುದಿಯವರೆಗೂ ಕೇಳುವಂತೆ ಮಾಡಿದರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಮಂಟಪದಲ್ಲಿ ದಂಡಿನ ಬ್ಯಾಂಡುಗಳು ನುಡಿಯುತ್ತಿದ್ದುವು. ಮೈಸೂರಿನ ಅರಮನೆಯಲ್ಲಿ ಆಂಗ್ಲ ಸಂಗೀತವನ್ನು ನುಡಿಸುವ ಬ್ಯಾಂಡು ಒಂದು, ಅಂತಹವೇ ವಾದ್ಯಗಳಲ್ಲಿ ಕರ್ನಾಟಕ ಸಂಗೀತವನ್ನು ನುಡಿಸುವ ಬ್ಯಾಂಡು ಮತ್ತೊಂದು, ಹೀಗೆ ಎರಡಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರವರು ವೀಣೆಯ ವಿದ್ವಾಂಸರನ್ನೂ ಪಿಯಾನೋ ಬಲ್ಲವರನ್ನೂ ಸಮಾನವಾಗಿ ಆದರಿಸಿದರು. ಅರಮನೆಯ ಪಾಶ್ಚಾತ್ಯ ವಾದ್ಯವೃಂದಕ್ಕೆ ಆಟೋ ಷ್ಮಿಟ್ ಎಂಬ ಜರ್ಮನ್ ಸಂಗೀತಗಾರರನ್ನು ನಿಯಮಿಸಿದ್ದರು.

ಇದೇ ಕಾಲದಲ್ಲಿ ಇಂಗ್ಲೆಂಡಿನಿಂದ ಒಬ್ಬ ವಾಗ್ಗೇಯಕಾರರು ಭಾರತಕ್ಕೇ ಬಂದರು. ಮ್ಯಾಂಚೆಸ್ಟರಿನ ಜಾನ್ ಫೌಲ್ಡ್ಸರು ಮೃತ ಯೋಧರ ಸ್ಮರಣಾರ್ಥವಾಗಿ ರಚಿಸಿದ ಮಹಾಕೃತಿಯನ್ನು 1923ರಿಂದ ನಾಲ್ಕು ವರ್ಷ ಲಂಡನ್ನಿನಲ್ಲಿ ಯುದ್ಧವಿರಾಮದ ದಿನದಂದು ಹಾಡಿದ್ದರು. ಆದರೂ ಅವರಿಗೆ ಅನ್ನವನ್ನಿತ್ತುದು ನಾಟಕಶಾಲೆಗಳಿಗಾಗಿ ಬರೆದ ಲಘುಸಂಗೀತ. 1935ರಲ್ಲಿ ಭಾರತಕ್ಕೆ ಬಂದ ಅವರು ದೆಹಲಿಯ ಬಾನುಲಿಯಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥರಾಗಿ, ನಮ್ಮ ವಾದ್ಯಗಳದೇ ಒಂದು ವೃಂದವನ್ನು ಕಟ್ಟಿದರು. 1939ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ತಗಲಿ ತೀರಿಕೊಂಡರು. ಎರಡು ಸಂಗೀತಗಳು ಕೂಡುವ ದಾರಿಯನ್ನು ಅವರು ಹುಡುಕುತ್ತಿದ್ದಾಗಲೇ ದಾರಿಯು ಮುಗಿಯಿತು.

ಅದೇ 1939ರಲ್ಲಿ, ಮೈಸೂರಿನ ರಾಜಕುಮಾರರಾದ ಜಯಚಾಮರಾಜ ಒಡೆಯರವರು ಯೂರೋಪಿನಲ್ಲಿ ಪ್ರವಾಸ ಮಾಡುತ್ತಿದ್ದರು. 1919ರಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತು ವರ್ಷ. ಪಿಯಾನೋ ವಾದನದಲ್ಲಿ ಅವರಿಗಿದ್ದ ಪ್ರೀತಿ ಎಷ್ಟೆಂದರೆ, ಅದನ್ನೇ ವೃತ್ತಿಯಾಗಿ ಹಿಡಿಯಬೇಕೆಂಬ ಆಸೆ ಅವರಲ್ಲಿ ಇದ್ದಿತು. 1940ರಲ್ಲಿ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜರೂ ಒಬ್ಬರ ಹಿಂದೆ ಒಬ್ಬರು ತೀರಿಕೊಳ್ಳಲು, ಸಿಂಹಾಸನದ ಹೊಣೆಯು ಅವರ ಮೇಲೆ ಬಿದ್ದಿತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದ ಅವರಿಗೆ 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನವರು ಗೌರವಸ್ಥಾನವನ್ನು ಕೊಟ್ಟರು. ಇತ್ತ ಮೈಸೂರು ವಾಸುದೇವಾಚಾರ್ಯರ ಶಿಷ್ಯರಾಗಿ, ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ಬಿಡಬೇಕೆಂಬ ನಿಯಮ ಅವರಿಗಿರಲಿಲ್ಲ.

ಎರಡನೆಯ ಯುದ್ಧವು ಮುಗಿದಾಗ ಇಂಗ್ಲೆಂಡು ಗೆದ್ದಿದ್ದರೂ ಬಡವಾಗಿದ್ದಿತು. ಪ್ರಾಮೆನೇಡ್ ಕಚೇರಿಗಳು ನಡೆಯುತ್ತಿದ್ದ ಕ್ವೀನ್ಸ್ ಹಾಲ್ 1941ರಲ್ಲಿ ಬಾಂಬಿನಿಂದ ಸುಟ್ಟುಹೋಗಿದ್ದಿತು. ರಷ್ಯಾ ದೇಶವನ್ನು ಬಿಟ್ಟು ಬಂದು 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರರು ಮುಪ್ಪಿನಲ್ಲಿ, ಅನಾರೋಗ್ಯದಲ್ಲಿ, ಮರೆವಿಗೆ ಸರಿಯುತ್ತಿದ್ದರು. ಅವರ ಸಂಗೀತವನ್ನು ಮೆಚ್ಚಿದ ಜಯಚಾಮರಾಜರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಕೃತಿಕಾರರೇ ಪಿಯಾನೋ ನುಡಿಸುತ್ತಿರಲು ಅವರ ಮೂರು ದೊಡ್ಡ ಕನ್‌ಚರ್ಟೋಗಳನ್ನೂ ಇತರ ಕೃತಿಗಳನ್ನೂ ಎಚ್.ಎಂ.ವಿ. ಪ್ಲೇಟುಗಳಲ್ಲಿ ಮುದ್ರಿಸುವ ವೆಚ್ಚವನ್ನು ವಹಿಸಿದರು. ಮೂರನೆಯ ಕನ್‌ಚರ್ಟೋವನ್ನು ಮೆಟ್ನರರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಅವರು ಕಣ್ಮುಚ್ಚಿದರು. ಅವರ ಕೈಬೆರಳಿನ ನುಡಿ ಇಂದಿಗೂ ಉಳಿದಿದೆ.

ವಾಲ್ಟರ್ ಲೆಗ್ಗರು 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದವೂ ಹಣಕ್ಕಾಗಿ ತೊಳಲುತ್ತಿದ್ದಿತು. 1948ರಲ್ಲಿ ಮಹಾರಾಜರು ಅದರ ಕಚೇರಿ ಸಂಘಕ್ಕೆ ಮೊದಲನೆಯ ಅಧ್ಯಕ್ಷರಾದರು; ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವನ್ನು ಕೊಡಲು ಒಪ್ಪಿದರು. ಜರ್ಮನಿಯ ರಿಚರ್ಡ್ ಷ್ಟ್ರೌಸರು ಕೊನೆಗಾಲದಲ್ಲಿ ರಚಿಸಿದ ನಾಲ್ಕು ಗೀತಗಳನ್ನು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಎಂಬ ಗಾಯಕಿಯು ಮೊದಲ ಬಾರಿಗೆ ಹಾಡಿದಾಗ, ಆ ಕಚೇರಿಗೆ 4,800 ಡಾಲರುಗಳ ಹೊಣೆಯನ್ನು ಹೊತ್ತಿದ್ದವರೂ ಇವರೇ. ಅವರು ಆ ಸಂಜೆ ಅಲ್ಲಿಗೆ ಹೋಗಲಾಗಲಿಲ್ಲ. ಹಾಡನ್ನು ಪ್ಲೇಟಿನಲ್ಲಿ ಮುದ್ರಿಸಿ ಮೈಸೂರಿಗೆ ಕಳುಹಿಸಿದರು.

ಇಲ್ಲಿ ನಾವು ಒಂದು ಕ್ಷಣ ನಿಂತು ತೂಗಿ ನೋಡಬೇಕು. ನೂರಾರು ಆಂಗ್ಲ ಚಂದಾದಾರರು ಕೂಡಿ ಮಾಡುತ್ತಿದ್ದ ಕೆಲಸವನ್ನು ಒಬ್ಬ ಕನ್ನಡ ಅರಸನು ಒಂಟಿಯಾಗಿ ಮಾಡಿದನು. ಇದು ನಮಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಆ ಸಂಗೀತವನ್ನು ಮೈಸೂರಿನ ಸಂತೇಪೇಟೆಯಲ್ಲಿ ಎಷ್ಟು ಮಂದಿ ಕೇಳಿದರು? ಯಾದಗಿರಿಯ ರೈಲುನಿಲ್ದಾಣದಲ್ಲಿ ಮದರಾಸಿನ ಮೇಲಿಗಾಗಿ ಕಾದಿದ್ದವರಲ್ಲಿ ಎಷ್ಟು ಮಂದಿ ಮೆಟ್ನರರ ಹೆಸರನ್ನು ಬಲ್ಲವರಾಗಿದ್ದರು? ಅರಮನೆಯ ಪ್ಲೇಟುಗಳು ಅರಮನೆಯಲ್ಲಿಯೇ ಉಳಿದುವು. ಸಂಸ್ಥಾನಗಳ ಕಾಲವು ಮುಗಿದೊಡನೆ ಆ ಪೋಷಣೆಯೂ ಮುಗಿಯಿತು. ಹತ್ತು ಷಿಲಿಂಗಿನವರು ಕೂಡಿ ನಡೆಸಿದ ಪ್ರಾಮೆನೇಡ್ ಕಚೇರಿಗಳಾದರೋ ಹಾಲು ಸುಟ್ಟರೂ ನಿಲ್ಲದೆ, ರಾಯಲ್ ಆಲ್ಬರ್ಟ್ ಹಾಲಿಗೆ ನಡೆದು ಇಂದಿಗೂ ನಡೆಯುತ್ತಿವೆ. ಅರಸನ ಔದಾರ್ಯವು ಕೃತಿಯನ್ನು ಉಳಿಸಬಲ್ಲದು. ಕೇಳುವ ರೂಢಿಯನ್ನು ಉಳಿಸತಕ್ಕವರು ಜನರು.

ಅರಮನೆಯಿಂದ ಬೀದಿಗೆ ಬಂದ ಒಂದು ವಸ್ತುವು ಈ ಮಾತನ್ನು ಸಮರ್ಥಿಸುತ್ತದೆ. ದಸರೆಯಲ್ಲಿ ಎಲ್ಲರಿಗೂ ಕೇಳುವಂತೆ ನುಡಿಯುತ್ತಿದ್ದ ಅರಮನೆಯ ಬ್ಯಾಂಡು ಮುಂದೆ ರಾಜ್ಯದ ಪೋಲೀಸ್ ಇಲಾಖೆಗೆ ಸೇರಿತು. ಆ ಬ್ಯಾಂಡಿನಲ್ಲಿ ಸ್ಯಾಕ್ಸಫೋನನ್ನು ಕಂಡು ಮನಸೋತವರು ದಕ್ಷಿಣ ಕನ್ನಡದ ಒಬ್ಬ ನಾಗಸ್ವರ ವಿದ್ವಾಂಸರ ಮಗ, ಕದ್ರಿ ಗೋಪಾಲನಾಥರು. ಲಂಡನ್ನಿನ ನೃತ್ಯಶಾಲೆಗಳಲ್ಲಿ ಮೆರೆದಿದ್ದ ಆ ವಾದ್ಯದಲ್ಲಿ ಗಮಕಗಳು ನುಡಿಯುವಂತೆ ಮಾಡಲು ಅವರು ವರ್ಷಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಬಿ.ಬಿ.ಸಿ.ಯವರು ಅವರನ್ನು ಪ್ರಾಮೆನೇಡ್ ಕಚೇರಿಗೆ ಕರೆಸಿಕೊಂಡರು. ಮೈಸೂರಿನ ಹಣದಿಂದ ಷ್ಟ್ರೌಸರ ಗೀತಗಳು ಹಾಡಲ್ಪಟ್ಟ ಅದೇ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ನಿಂತು ಕೇಳುವ ಜನರ ಮುಂದೆ, ಕನ್ನಡಿಗರೊಬ್ಬರು ಕರ್ನಾಟಕ ಸಂಗೀತವನ್ನು ನುಡಿಸಿದರು.

ಆದುದರಿಂದ ಬೇರೆ ದೇಶದ ಸಂಗೀತವನ್ನು ಕೇಳುವುದರಿಂದ ನಮ್ಮದು ಕೆಟ್ಟೀತೆಂಬ ಭಯಕ್ಕೆ ಕಾರಣವಿಲ್ಲ. ಕಿವಿಯನ್ನು ತೆರೆದಿಟ್ಟ ಜನಾಂಗವು ಪಡೆದುಕೊಳ್ಳುವುದೇ ಹೆಚ್ಚು. ಆದರೆ ಆ ಬಾಗಿಲು ದೊಡ್ಡಮನೆಯವರಿಗೆ ಮಾತ್ರ ತೆರೆದಿದ್ದರೆ ಸಾಲದು. ಬಾನುಲಿಯೂ ಬಯಲಿನ ಬ್ಯಾಂಡೂ ಅಲ್ಪ ದರದ ಕಚೇರಿಯೂ ಯಾವ ಊರಿನಲ್ಲಿ ಇವೆಯೋ ಅಲ್ಲಿ ನಾಳಿನ ಗೋಪಾಲನಾಥರು ಇಂದಿನ ಜನಸಂದಣಿಯಲ್ಲಿಯೇ ನಿಂತಿರುತ್ತಾರೆ. ಅವರಿಗೆ ಕೇಳಿಸುವಂತೆ ನುಡಿಸುವುದಷ್ಟೇ ಉಳಿದವರ ಕರ್ತವ್ಯ.