ಗಲ್ಲಾದಿಂದ ಎಂ.ಕಾಂ.ವರೆಗೆ

ಬೇಲಾಪುರದ ಸಿ.ಬಿ.ಡಿ.ಯಲ್ಲಿ ಬೆಳಗಿನ ಹತ್ತರ ಸುಮಾರಿಗೆ ನಿಂತರೆ ಲೆಕ್ಕಪತ್ರಗಳದೇ ಒಂದು ಊರಿಗೆ ಬಂದಂತೆ ತೋರುತ್ತದೆ. ರಿಸರ್ವ್ ಬ್ಯಾಂಕಿನ ಕಚೇರಿ, ಕೊಂಕಣ ರೈಲ್ವೆಯ ಪ್ರಧಾನ ಕಚೇರಿಯಾದ ಬೇಲಾಪುರ ಭವನ, ನಡುನಡುವೆ ಲೆಕ್ಕ ಪರಿಶೋಧಕರ ನಾಮಫಲಕಗಳು. ಅವುಗಳಲ್ಲಿ ಕರಾವಳಿಯ ಕುಲನಾಮಗಳನ್ನು ಕಂಡರೆ ಈಗ ನಮಗೆ ಆಶ್ಚರ್ಯವಾಗುವುದಿಲ್ಲ. ಆಗಬೇಕಿತ್ತು. ಅಂಥ ಮನೆಗಳ ಎಷ್ಟೋ ಹಿರಿಯರು ಮುಂಬಯಿಗೆ ಬಂದದ್ದು ಹೊಟೇಲಿನಲ್ಲಿ ಲೋಟ ತೊಳೆಯಲು.

ಲೆಕ್ಕ ಬರೆಯುವುದು ಕನ್ನಡಿಗರಿಗೆ ಹೊಸತಲ್ಲ. ಕರಣಿಕ, ಶ್ಯಾನುಭೋಗ ಎಂಬ ಹುದ್ದೆಗಳು ಹಳೆಯವು. ಇಂದು ಫೈಲು ಎಂಬರ್ಥದಲ್ಲಿ ಬಳಸುವ ‘ಕಡತ’ ಮೂಲದಲ್ಲಿ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಮಡಿಕೆಬಟ್ಟೆ. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಆದರೆ ಆ ವಿದ್ಯೆ ಮನೆತನದ್ದಾಗಿತ್ತು. ಅದನ್ನು ಪರೀಕ್ಷೆಗೆ ಕುಳಿತು ಯಾರು ಬೇಕಾದರೂ ಗಳಿಸಬಹುದಾದ ಪದವಿಯಾಗಿಸಿದ್ದು ಮುಂಬಯಿ.

ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ಇಲ್ಲಿ ಆರಂಭವಾದದ್ದು 1913ರಲ್ಲಿ. ಕಂಪನಿಗಳ ಲೆಕ್ಕ ಪರಿಶೋಧಕರಿಗೆ ನಿಶ್ಚಿತ ಅರ್ಹತೆ ಇರಬೇಕೆಂದು ವಿಧಿಸಿದ ಭಾರತೀಯ ಕಂಪನಿ ಕಾಯಿದೆಯೂ ಅದೇ ವರ್ಷದ್ದು. 1918ರಲ್ಲಿ ಮುಂಬಯಿ ಸರಕಾರದ ಲೆಕ್ಕಶಾಸ್ತ್ರ ಡಿಪ್ಲೊಮಾ ಬಂತು. 1949ರ ಜುಲೈ 1ರಂದು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಮುಂದೆ ಸಿಂಡಿಕೇಟ್ ಬ್ಯಾಂಕನ್ನು ಮುನ್ನಡೆಸಿ, ಕೇಂದ್ರದ ರೈಲ್ವೆ ಮಂತ್ರಿಯೂ ಆದ ಟಿ.ಎ. ಪೈ ಸಿಡನ್‌ಹ್ಯಾಮಿನಲ್ಲಿಯೇ ಓದಿದವರು. ಆದರೆ ಅವರ ಹಿಂದೆ ಬ್ಯಾಂಕು ಕಟ್ಟಿದ ಮನೆತನವಿತ್ತು. ಹೊಟೇಲಿನ ಹುಡುಗನಿಗೆ ಹಗಲಿನ ಕಾಲೇಜು ಇದ್ದೂ ಇಲ್ಲದಂತೆ.

ಅವನಿಗೆ ಬೇಕಿದ್ದದ್ದು ಹೊತ್ತು. ಮುಂಬಯಿ ಕನ್ನಡಿಗರ ವಿದ್ಯಾಭ್ಯಾಸದ ಚರಿತ್ರೆ ಬರೆಯುವವರು ಪಠ್ಯಕ್ರಮಕ್ಕಿಂತ ಮೊದಲು ಗಡಿಯಾರ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿಯೇ ಉಚಿತ ರಾತ್ರಿಶಾಲೆ ತೆರೆಯಿತು. ಇತರ ಸಂಘಗಳೂ ಆ ದಾರಿ ಹಿಡಿದವು. ಹಗಲೆಲ್ಲ ದುಡಿದು, ಕೈ ಒರೆಸಿಕೊಂಡು ಬಂದು ಕುಳಿತವರು ಅಲ್ಲಿ ಮೆಟ್ರಿಕ್ ಮುಗಿಸಿದರು. ಮುಂದೇನು? ಅದಕ್ಕೆ ಉತ್ತರವಾಗಿ ಬಂದ ಮುಖ್ಯ ಸಂಸ್ಥೆಗಳಲ್ಲೊಂದು ನಮ್ಮ ಸಂಘಗಳದ್ದಲ್ಲ, ಡಾ. ಅಂಬೇಡ್ಕರರದು. ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜು ದುಡಿಯುವವರಿಗಾಗಿ ಬೆಳಗ್ಗೆಯೇ ತರಗತಿ ನಡೆಸಿತು. 1953ರಲ್ಲಿ ಅದೇ ಸೊಸೈಟಿಯ ವಾಣಿಜ್ಯ ಕಾಲೇಜೂ ಬಂತು. ಈ ಋಣವನ್ನು ನಮ್ಮ ಸಂಘಗಳ ಸ್ಮರಣ ಸಂಚಿಕೆಗಳು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು. 1971ರಲ್ಲಿ ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಆರಂಭಿಸಿದ ಮೇಲಂತೂ ತರಗತಿಯ ಹೊತ್ತಿನ ಹಂಗೂ ಕಡಿಮೆಯಾಯಿತು.

ಗಲ್ಲಾದಲ್ಲಿ ಕುಳಿತು ಲೆಕ್ಕ ಕಲಿತವನಿಗೆ ಕಾಲೇಜಿನ ಮೊದಲ ಪಾಠವೇ ತಲೆಕೆಳಗು. ಊರಿನ ಪದ್ಧತಿಯ ಪುಸ್ತಕದಲ್ಲಿ ಎಡಬದಿ ಜಮಾ, ಬಲಬದಿ ಖರ್ಚು. ಬಂದ ಹಣ ಎಡಕ್ಕೆ. ಇಂಗ್ಲಿಷ್ ನಗದು ಪುಸ್ತಕದಲ್ಲಿಯೂ ಬಂದ ಹಣ ಎಡಕ್ಕೇ, ಆದರೆ ಆ ಬದಿಯ ಹೆಸರು ಡೆಬಿಟ್! ಜಮಾ ಎಂದರೆ ಕ್ರೆಡಿಟ್ ಎಂದು ತಿಳಿದವನು ಕಂಗಾಲಾಗದೆ ಇರುವುದುಂಟೇ? ಊರಿನ ಪುಸ್ತಕ ಹಣ ಕೊಟ್ಟವನ ಹೆಸರಿಗೆ ಜಮಾ ಮಾಡುತ್ತದೆ, ಇಂಗ್ಲಿಷ್ ಪುಸ್ತಕ ಹಣವನ್ನು ಪಡೆದ ನಗದು ಖಾತೆಗೆ ಡೆಬಿಟ್ ಬರೆಯುತ್ತದೆ ಎಂಬುದು ಹೊಳೆಯುವವರೆಗೆ ಒದ್ದಾಟವೇ.

ಬಿ.ಕಾಂ. ಆದವರ ಮುಂದೆ ಎರಡು ದಾರಿಗಳಿದ್ದವು. ಚಾರ್ಟರ್ಡ್ ಅಕೌಂಟೆನ್ಸಿಗೆ ಮಾನ ಹೆಚ್ಚು, ಆದರೆ ಪರಿಶೋಧಕರ ಕಚೇರಿಯಲ್ಲಿ ವರ್ಷಗಟ್ಟಲೆ ಹಗಲು ಕೂರಬೇಕು. ಊರಿಗೆ ಮನಿಯಾರ್ಡರು ಕಳಿಸಬೇಕಾದವನಿಗೆ ಅದು ಸುಲಭವಲ್ಲ. ಎಂ.ಕಾಂ. ಹಾಗಲ್ಲ; ನೌಕರಿ ಬಿಡದೆ ಓದಬಹುದು, ಬಡ್ತಿಗೂ ಉಪನ್ಯಾಸಕ ವೃತ್ತಿಗೂ ಆಗುತ್ತದೆ. ಅದನ್ನು ಸಿ.ಎ. ಆಗಲಾರದವರ ಪದವಿಯೆಂದು ಹಗುರವಾಗಿ ಕಾಣುವವರು ಈ ಮಾತನ್ನು ಮರೆಯುತ್ತಾರೆ.

1998ರ ಜನವರಿ 26ರಿಂದ ಊರಿಗೂ ಮುಂಬಯಿಗೂ ನೇರ ರೈಲುಮಾರ್ಗವಿದೆ. ಅದರ ಆಯವ್ಯಯ ಬರೆಯುವುದು ಬೇಲಾಪುರದಲ್ಲಿ. ರಾತ್ರಿಶಾಲೆಯಲ್ಲಿ ಕಲಿತ ಹಿರಿಯರು ಒಬ್ಬೊಬ್ಬರಾಗಿ ನಮ್ಮ ನಡುವಿನಿಂದ ಹೋಗುತ್ತಿದ್ದಾರೆ. ಯಾವ ಶಾಲೆ, ಯಾವ ವರ್ಷ, ಪರೀಕ್ಷೆಯ ದಿನ ಗಲ್ಲಾದಲ್ಲಿ ಅವರ ಬದಲಿಗೆ ಕುಳಿತವರು ಯಾರು? ಅಂಥವರು ಮನೆಯಲ್ಲಿದ್ದರೆ ಕೇಳಿ ಬರೆದು ನಮಗೆ ಕಳುಹಿಸಿರಿ.