ಗಾಲಿಯ ಮೇಲಿನ ಸಂಸಾರ

ಹೊಸ ಮನೆ ಕಟ್ಟಿಸಿದವರನ್ನು ಎಷ್ಟು ಖರ್ಚಾಯಿತೆಂದು ಕೇಳಿ. ಯಜಮಾನರು ಪೈಸೆ ಬಿಡದೆ ಹೇಳುತ್ತಾರೆ. ಅದೇ ಮನೆ ನಡೆಸಲು ಎಷ್ಟಾಗುತ್ತದೆ ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ. ಸುಣ್ಣಬಣ್ಣ, ಸೋರುವ ನಲ್ಲಿ, ಗೆದ್ದಲು, ಕಂದಾಯ ಇವೆಲ್ಲದರ ಲೆಕ್ಕ ಇರುವುದು ನಮ್ಮ ಡೈರಿಗಳಲ್ಲಿ ತಾನೆ? ಇನ್ನು ಆ ಮನೆಗೇ ಗಾಲಿ ಜೋಡಿಸಿ ಊರೂರು ಓಡಿಸುವವರ ಡೈರಿ ಹೇಗಿದ್ದೀತು! ಇತಿಹಾಸದ ಮೇಷ್ಟರಿಣಿಯಾದ ನನಗೆ ಈ ಕುತೂಹಲ ಬಹಳ ದಿನಗಳಿಂದ ಇತ್ತು.

ಯುರೋಪಿನಲ್ಲಿ ಗಾಲಿಯ ಮನೆಯಲ್ಲಿ ಮೊದಲು ಬಾಳಿದವರು ರೋಮಾನಿ ಅಲೆಮಾರಿಗಳು, ಜಾತ್ರೆಯಿಂದ ಜಾತ್ರೆಗೆ ಹೋಗುವ ಆಟದವರು. ಅವರಿಗೆ ಅದೇ ಮನೆ, ಬೇರೆ ಇರಲಿಲ್ಲ. ಸುಖಕ್ಕಾಗಿ ಇಂಥ ಮನೆ ಮಾಡಿಸಿಕೊಂಡವರಲ್ಲಿ ಮೊದಲಿಗನೆಂದು ಹೆಸರಾದವನು ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಮಕ್ಕಳ ಸಾಹಸ ಕಥೆಗಳನ್ನು ಬರೆದು ಹೆಸರು ಮಾಡಿದವನು. 1885ರಲ್ಲಿ ಬ್ರಿಸ್ಟಲ್ ನಗರದ ಗಾಡಿ ಕಾರ್ಖಾನೆಯಲ್ಲಿ 'ವಾಂಡರರ್' ಎಂಬ ಗಾಡಿ ಮಾಡಿಸಿದ. ಒಳಗೆ ಸೋಫಾ, ಪುಸ್ತಕದ ಬೀರು, ಹಾರ್ಮೋನಿಯಂ ಕೂಡ! ತುಂಬಿದ ಮೇಲೆ ಸುಮಾರು ಎರಡು ಟನ್ ಭಾರ. ಎರಡು ಕುದುರೆಗಳು ಅದನ್ನು ಇಂಗ್ಲೆಂಡಿನ ಟ್ವೈಫರ್ಡ್‌ನಿಂದ ಸ್ಕಾಟ್‌ಲೆಂಡಿನ ಇನ್ವರ್ನೆಸ್‌ವರೆಗೆ ಎಳೆದವು. ಆ ಪ್ರವಾಸ 1,300 ಮೈಲಿ.

ನನಗೆ ಹಿಡಿಸಿದ್ದು ಹಾರ್ಮೋನಿಯಂ ಅಲ್ಲ, ಅದರ ಹಿಂದಿನ ಖರ್ಚು. ಗಾಡಿ ಹೊಡೆಯಲೊಬ್ಬ. ಸೇವೆಗೊಬ್ಬ ಆಳು, ಅವನು ಮೂರು ಗಾಲಿಯ ಸೈಕಲ್ ತುಳಿಯುತ್ತ ಮುಂದೆ ಹೋಗಿ, ಇಕ್ಕಟ್ಟಾದ ದಾರಿಯಲ್ಲಿ ಎದುರು ಬರುವವರನ್ನು ಎಚ್ಚರಿಸಬೇಕು. ಇಬ್ಬರಿಗೂ ಸಂಬಳ. ಕುದುರೆಗಳಿಗೆ ರಾತ್ರಿ ಲಾಯ, ಹುಲ್ಲು, ಓಟ್ಸ್, ಸವೆದ ಲಾಳ. ಸ್ಟೇಬಲ್ಸ್ ಎಂದರೆ ಇಂಗ್ಲಿಷಿನಲ್ಲಿ ಕುದುರೆ ಲಾಯವೆಂದೇ ಅರ್ಥ. ಹೆಸರಿಗೆ ತಕ್ಕ ಖರ್ಚು ಎನ್ನೋಣ. ಎತ್ತು ಸಾಕಿದ ಮನೆಯಲ್ಲಿ ಬೆಳೆದವರಿಗೆ ಗೊತ್ತು, ದುಡಿಯದ ದಿನವೂ ದನಕ್ಕೆ ಮೇವು ಹಾಕಬೇಕು.

1910ರಲ್ಲಿ ಅಮೆರಿಕದ ಪಿಯರ್ಸ್-ಆರೋ ಕಂಪನಿ ಮಲಗಲು ಮಡಚುವ ಸೀಟು, ಕೈತೊಳೆಯುವ ಬೋಗುಣಿ, ಚಾಲಕನೊಡನೆ ಮಾತಾಡಲು ಟೆಲಿಫೋನು ಇದ್ದ ಮೋಟಾರನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿತು. ಅದು ಸಿರಿವಂತರ ಮಾತು. ಸಾಮಾನ್ಯ ಸಂಸಾರಸ್ಥರ ಕೈಗೆ ಮೋಟಾರು ಮನೆ ಎಟುಕಿದ್ದು 1966ರ ನಂತರ. ಐಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನ ವಿನ್ನಿಬೇಗೊ ಕಂಪನಿ ಆ ವರ್ಷದಿಂದ ಇತರರಿಗಿಂತ ಬಹಳ ಅಗ್ಗದಲ್ಲಿ ಇವನ್ನು ತಯಾರಿಸತೊಡಗಿತು. ಅಪ್ಪ ಸ್ಟಿಯರಿಂಗ್ ಹಿಡಿದ, ಮಕ್ಕಳು ಕಿಟಕಿಗೆ ಅಂಟಿಕೊಂಡವು. ಅಮ್ಮ? ಒಲೆಯೂ ಪಾತ್ರೆ ತೊಳೆಯುವ ಸಿಂಕೂ ಅವಳ ಜೊತೆಗೇ ರಜಕ್ಕೆ ಬಂದವು. ಇದನ್ನು ವಿರಾಮವೆಂದು ಕರೆದವರು ಯಾರೋ ಕಾಣೆ.

ಈ ಗಾಡಿಯ ತೊಂದರೆ ಏನೆಂದರೆ, ಅದು ಮನೆಯೂ ಹೌದು, ವಾಹನವೂ ಹೌದು. ಎರಡರ ಕಾಯಿಲೆಯೂ ಅದಕ್ಕುಂಟು. ಎಂಜಿನ್ನಿಗೆ ಆಯಿಲ್, ಬ್ರೇಕು, ವಿಮೆ. ಮೇಲಿನಿಂದ ಸೂರಿನ ಸಂದು ಬಿರಿದು ಮಳೆನೀರು ಇಳಿಯುತ್ತದೆ; ಗೋಡೆಯೊಳಗಿನ ಮರ ಕೊಳೆತ ಮೇಲೆಯೇ ಗೊತ್ತಾಗುವುದು. ಚಳಿಗಾಲಕ್ಕೆ ಮೊದಲು ಕೊಳವೆಗಳ ನೀರನ್ನೆಲ್ಲ ಬಸಿಯಬೇಕು, ಇಲ್ಲವಾದರೆ ಹೆಪ್ಪುಗಟ್ಟಿ ಒಡೆಯುತ್ತವೆ. ಕಕ್ಕಸಿನ ತೊಟ್ಟಿಯನ್ನು ಅದಕ್ಕೆಂದೇ ಇರುವ ಜಾಗಕ್ಕೆ ಒಯ್ದು ಖಾಲಿ ಮಾಡಬೇಕು. ಟೈರುಗಳಂತೂ ಓಡದೆ ನಿಂತರೂ ಕೆಲವು ವರ್ಷಕ್ಕೆ ಬಿರುಕು ಬಿಟ್ಟು ಬದಲಾಯಿಸಿಕೊಳ್ಳುತ್ತವೆ. ವರ್ಷದಲ್ಲಿ ಮೂರು ವಾರ ಓಡಿಸುವವರು ಉಳಿದ ನಲವತ್ತೊಂಬತ್ತು ವಾರ ಅದನ್ನು ನಿಲ್ಲಿಸುವ ಜಾಗಕ್ಕೆ ಬಾಡಿಗೆ ಕೊಡುವುದೂ ಉಂಟು. ಕುದುರೆ ಹೋಯಿತು, ನಿಂತಲ್ಲೇ ತಿನ್ನುವ ಚಾಳಿ ಹೋಗಲಿಲ್ಲ.

ಈ ಲೆಕ್ಕ ಎಲ್ಲರ ಕಣ್ಣಿಗೂ ಬಿದ್ದದ್ದು 1973ರಲ್ಲಿ. ಆ ವರ್ಷ ಜನರಲ್ ಮೋಟಾರ್ಸ್ ಕಂಪನಿ ತಾನೇ ಒಂದು ಮೋಟಾರು ಮನೆಯನ್ನು ಮಾರುಕಟ್ಟೆಗೆ ಬಿಟ್ಟಿತು. 23 ಮತ್ತು 26 ಅಡಿಯ ಎರಡು ಅಳತೆ, ಆರು ಗಾಲಿ, ಏಳೂವರೆ ಲೀಟರಿನ ಎಂಜಿನ್. ನೋಡಲು ಚೆಂದ, ನೆಲಕ್ಕೆ ಹತ್ತಿರ. ಆದರೆ ಒಂದು ಗ್ಯಾಲನ್ ಪೆಟ್ರೋಲಿಗೆ ಎಂಟು ಹತ್ತು ಮೈಲಿ, ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರು. ಅಗ್ಗದ ಪೆಟ್ರೋಲಿನ ನಾಡಿನಲ್ಲಿ ಯಾರಿಗೂ ಅದು ಹೆಚ್ಚೆನಿಸಲಿಲ್ಲ.

ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ಬಂಕಿನಲ್ಲಿ 1973ರಲ್ಲಿ ಸರಾಸರಿ 39 ಸೆಂಟ್ ಇದ್ದ ಗ್ಯಾಲನ್ ಪೆಟ್ರೋಲ್ 1974ರಲ್ಲಿ 53 ಸೆಂಟ್. ವರ್ಷಕ್ಕೆ ಹತ್ತು ಸಾವಿರ ಮೈಲಿ ಓಡಿಸುವ ಸಂಸಾರಕ್ಕೆ, ಗ್ಯಾಲನ್ನಿಗೆ ಹತ್ತು ಮೈಲಿಯಂತೆ ಹಿಡಿದರೂ, 390 ಡಾಲರ್ ಇದ್ದ ಬಾಬತ್ತು 530 ಆಯಿತು. ಬೆಲೆಗಿಂತ ದೊಡ್ಡ ಹೊಡೆತ ಅಭಾವದ್ದು. ಭಾನುವಾರ ಬಂಕುಗಳು ಮುಚ್ಚಿದವು. ಎಷ್ಟೋ ಕಡೆ ಒಬ್ಬರಿಗೆ ಹತ್ತು ಗ್ಯಾಲನ್ ಮಾತ್ರ. ಹತ್ತು ಗ್ಯಾಲನ್ ಕುಡಿದ ಈ ಮನೆ ಹೆಚ್ಚೆಂದರೆ ನೂರು ಮೈಲಿ ಹೋಗಿ ನಿಲ್ಲುವುದು! ಮಾರಾಟ ಕುಸಿದು ಈ ಉದ್ಯಮದಲ್ಲಿ ದುಡಿಯುತ್ತಿದ್ದವರು ಕೆಲಸ ಕಳೆದುಕೊಂಡರು. ಜನರಲ್ ಮೋಟಾರ್ಸ್ ಕೂಡ 1978ರಲ್ಲಿ ತನ್ನ ಮೋಟಾರು ಮನೆಯ ತಯಾರಿಕೆ ನಿಲ್ಲಿಸಿತು. ಅದೇ ತೈಲದ ಬಿಸಿ ನಮಗೂ ತಟ್ಟಿತ್ತು. ನನ್ನ ತಾಯಿ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಸೀಮೆಎಣ್ಣೆಯ ಕ್ಯೂನಲ್ಲಿ ನಿಂತ ಕಾಲ ಅದು. ಅಲ್ಲಿ ಪ್ರವಾಸ ನಿಂತಿತು, ಇಲ್ಲಿ ಒಲೆ.

ಇಲ್ಲಿಯವರೆಗಿನದು ಬೇರೆ ಮನೆ ಇದ್ದವರ ಕಥೆ. ಖರ್ಚು ಮೀರಿದರೆ ಗಾಡಿ ಮಾರಿ ತಮ್ಮ ಮನೆಯ ಬಾಗಿಲು ತೆರೆದರಾಯಿತು. 2008ರ ಆರ್ಥಿಕ ಕುಸಿತದ ಮೇಲೆ ಅಮೆರಿಕದಲ್ಲಿ ಮತ್ತೊಂದು ಬಗೆಯವರು ಕಾಣಿಸಿಕೊಂಡರು. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ ಅವರ ಜೊತೆ ಓಡಾಡಿ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕ ಬರೆದರು. ಅದರಲ್ಲಿ ಬರುವವರಲ್ಲಿ ಬಹಳ ಮಂದಿ ನನ್ನ ವಯಸ್ಸಿನವರು, ನನಗಿಂತ ಹಿರಿಯರು. ಒಂಟಿ ಹೆಂಗಸರೂ ಅನೇಕರು. ಜೀವಮಾನವೆಲ್ಲ ದುಡಿದವರು. ಪಿಂಚಣಿಯಲ್ಲಿ ಮನೆ ಬಾಡಿಗೆ ಕಟ್ಟಿದರೆ ಊಟಕ್ಕಿಲ್ಲ, ಊಟ ಮಾಡಿದರೆ ಬಾಡಿಗೆಗಿಲ್ಲ. ಎರಡರಲ್ಲಿ ಬಾಡಿಗೆಯನ್ನು ಬಿಟ್ಟು ವ್ಯಾನು ಸೇರಿದರು. ಬೇಸಿಗೆಯಲ್ಲಿ ಶಿಬಿರತಾಣಗಳ ಕಕ್ಕಸು ತೊಳೆಯುವ ಕೆಲಸ, ಶರತ್ಕಾಲದಲ್ಲಿ ಸಕ್ಕರೆ ಬೀಟ್ ಕೊಯ್ಲು, ಕ್ರಿಸ್‌ಮಸ್ ಮುಂಚೆ ಅಮೆಜಾನ್ ಗೋದಾಮಿನ ಪಾಳಿ. ಆ ಗೋದಾಮಿನ ಕೆಲಸದ ಆಕರ್ಷಣೆಗಳಲ್ಲೊಂದು, ಗಾಡಿ ನಿಲ್ಲಿಸುವ ಜಾಗದ ಬಾಡಿಗೆಯನ್ನು ಕಂಪನಿಯೇ ಕೊಡುತ್ತಿತ್ತು. ಸ್ಟೇಬಲ್ಸ್ ಮಹಾಶಯ ಶೋಕಿಗೆ ಹಿಡಿದ ದಾರಿ ಮತ್ತೆ ರೋಮಾನಿಗಳ ದಾರಿಯನ್ನೇ ಸೇರಿತು.

ಆ ಪುಸ್ತಕವನ್ನು ಆಧರಿಸಿ ಕ್ಲೋಯಿ ಝಾವೊ ಎಂಬಾಕೆ 2020ರಲ್ಲಿ ಚಲನಚಿತ್ರ ಮಾಡಿದರು. ಮರುವರ್ಷ ಆಸ್ಕರ್ ಬಂತು. ಅದರಲ್ಲಿ ಫರ್ನ್ ಎಂಬ ವಿಧವೆ. ಅವಳ ವ್ಯಾನು ಕೆಡುತ್ತದೆ. ರಿಪೇರಿಗೆ ಹೇಳಿದ ಹಣ ಅವಳ ಬಳಿ ಇಲ್ಲ. ಈ ಹಳೆಯ ಗಾಡಿಗೆ ಇಷ್ಟು ಸುರಿಯುವ ಬದಲು ಮಾರಿ ಬೇರೆ ಕೊಳ್ಳಿ ಎಂದು ಗ್ಯಾರೇಜಿನವರು ಬುದ್ಧಿ ಹೇಳುತ್ತಾರೆ. ಲೆಕ್ಕದ ಪ್ರಕಾರ ಅವರ ಮಾತು ಸರಿ. ಆದರೆ ಅದರೊಳಗಿನ ಹಲಗೆ, ಕಪಾಟು ಎಲ್ಲವನ್ನೂ ಅವಳು ಕೈಯಾರೆ ಜೋಡಿಸಿದ್ದಾಳೆ. ತಾನು ವಾಸವಿರುವುದೇ ಅದರಲ್ಲಿ, ಅದು ತನ್ನ ಮನೆ ಎನ್ನುತ್ತಾಳೆ. ಕೊನೆಗೆ ಬಸ್ಸು ಹತ್ತಿ, ಸ್ವಂತ ಸೂರಿರುವ ತಂಗಿಯ ಮನೆಗೆ ಸಾಲ ಕೇಳಲು ಹೋಗುತ್ತಾಳೆ.